ವಿಜಯಪುರದ ಮೂರು ದಾರಿಗಳು

ಒಂದು ನಗರದ ಹಿರಿಮೆಯನ್ನು ಅದರ ಗುಮ್ಮಟಗಳ ಎತ್ತರದಿಂದಲೋ, ಕೋಟೆಯ ಸುತ್ತಳತೆಯಿಂದಲೋ ಅಳೆಯುವುದು ಲೋಕರೂಢಿ. ಆದರೆ ನಗರವೆಂಬುದು ಬರಿಯ ಕಲ್ಲು ಗಾರೆಗಳ ರಾಶಿಯಲ್ಲ. ಸುತ್ತಣ ನೂರಾರು ಹಳ್ಳಿಗಳ ಜನ, ದವಸಧಾನ್ಯ, ಓದು, ವ್ಯಾಜ್ಯ, ರೋಗರುಜಿನ, ಆಸೆ ಆಕಾಂಕ್ಷೆಗಳೆಲ್ಲವೂ ಬಂದು ಸೇರುವ ಸಂಗಮಸ್ಥಾನವದು. ಆದುದರಿಂದ ನಗರವನ್ನು ಅರಿಯಬೇಕೆನ್ನುವವನು ಅದರ ಗುಮ್ಮಟವನ್ನು ನೋಡಿದಷ್ಟೇ ಲಕ್ಷ್ಯಗೊಟ್ಟು ಅದರ ದಾರಿಗಳನ್ನೂ ನೋಡಬೇಕು. ದಾರಿ ಚೆನ್ನಾಗಿದ್ದರೆ ನಗರವು ಹಳ್ಳಿಗೆ ತಾಯಿಯಾಗುತ್ತದೆ. ದಾರಿ ಕೆಟ್ಟರೆ ಅದೇ ನಗರವು ಮಲತಾಯಿಯಾಗುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಕೇಂದ್ರವಾದ ವಿಜಯಪುರದ ಸಾರಿಗೆಯ ವಿಷಯವಾಗಿ ಬಹಳ ಮಾತು ಕೇಳಿಬರುತ್ತಿದೆ. ರೈಲು ಹಳಿಗಳು ಜೋಡಿಯಾದವು, ಹೆದ್ದಾರಿ ಅಗಲವಾಯಿತು, ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದಿತು ಎಂದು ಭಾಷಣಗಳಲ್ಲಿ ಕೇಳುತ್ತೇವೆ, ಪತ್ರಿಕೆಗಳಲ್ಲಿ ಓದುತ್ತೇವೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಗೊಳಸಂಗಿಯಂಥ ಒಂದು ಹಳ್ಳಿಯಲ್ಲಿ ನಿಂತು ನೋಡಿದಾಗ ಈ ಚಿತ್ರವು ಸ್ವಲ್ಪ ಬೇರೆಯಾಗಿ ಕಾಣುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ವಿಜಯಪುರವನ್ನು ದೂರದ ಊರುಗಳಿಗೆ ಜೋಡಿಸುವ ಕೆಲಸದಲ್ಲಿ ನಾವು ತೋರಿದ ಉತ್ಸಾಹದ ಕಾಲು ಪಾಲನ್ನಾದರೂ ವಿಜಯಪುರವನ್ನು ಅದರ ಹಳ್ಳಿಗಳಿಗೆ ಜೋಡಿಸುವ ಕೆಲಸದಲ್ಲಿ ತೋರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗಿದೆ. ಈ ಮಾತನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಹಿಂದಿನ ಕಾಲಕ್ಕೆ ಒಮ್ಮೆ ದೃಷ್ಟಿ ಹಾಯಿಸೋಣ. ಆದಿಲಶಾಹಿ ಅರಸರ ರಾಜಧಾನಿಯಾಗಿದ್ದಾಗ ವಿಜಾಪುರವು ದಕ್ಷಿಣ ಭಾರತದ ಹೆಸರಾಂತ ನಗರಗಳಲ್ಲೊಂದಾಗಿತ್ತು. ೧೫೧೦ರಲ್ಲಿ ಪೋರ್ತುಗೀಜರು ಕಸಿದುಕೊಳ್ಳುವವರೆಗೆ ಗೋವೆಯು ಈ ರಾಜ್ಯದ ಬಂದರು. ಅರಬ್ಬೀ ಕುದುರೆಗಳು ಹಡಗಿನಿಂದಿಳಿದು ಘಟ್ಟವೇರಿ ಈ ಬಯಲು ಸೀಮೆಗೆ ಬರುತ್ತಿದ್ದವು. ಕೋಟೆಯ ಅಗಸಿಗಳ ಹೆಸರುಗಳನ್ನು ನೋಡಿರಿ: ಮನಗೂಳಿ ಅಗಸಿ, ಅಲ್ಲಾಪುರ ಅಗಸಿ, ಶಹಾಪುರ ಅಗಸಿ. ನಗರದವರು ತಮ್ಮ ಬಾಗಿಲುಗಳಿಗೆ ಅರಸರ ಹೆಸರಿಡುವ ಬದಲು ಅಲ್ಲಿಂದ ಹೊರಟ ದಾರಿ ಸೇರುವ ಊರಿನ ಹೆಸರಿಟ್ಟರು. ಅಗಸಿಯೆಂದರೆ ಊರಿನ ನೆನಪು. ನಗರವು ತನ್ನ ಹಳ್ಳಿಗೆ ಸಲ್ಲಿಸಿದ ಗೌರವ. ಇಂದು ಗೊಳಸಂಗಿಗೆ ಬರುವವನು ಹಿಡಿಯುವ ದಾರಿಯೂ ಆ ಮನಗೂಳಿಯ ದಾರಿಯೇ.

ಆ ಕಾಲದ ಸಾರಿಗೆ ಎಷ್ಟು ಕಷ್ಟದ್ದಾಗಿತ್ತೆಂಬುದಕ್ಕೆ ಮಲಿಕ್-ಎ-ಮೈದಾನ ತೋಪೇ ಸಾಕ್ಷಿ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, ಸುಮಾರು ೫೫ ಟನ್ ತೂಕದ ಈ ತೋಪನ್ನು ೧೬೩೨ರಲ್ಲಿ ಪರಾಂಡಾ ಕೋಟೆಯಿಂದ ವಿಜಾಪುರಕ್ಕೆ ತಂದರು. ಅದನ್ನೆಳೆಯಲು ನಾನೂರು ಎತ್ತುಗಳು, ಹತ್ತು ಆನೆಗಳು, ನೂರಾರು ಜನ ಬೇಕಾಯಿತೆಂದು ಹೇಳುತ್ತಾರೆ. ಅರಸನ ತೋಪಿಗೆ ನಾನೂರು ಎತ್ತುಗಳು ದೊರೆತವು. ಒಕ್ಕಲಿಗನ ಜೋಳದ ಚೀಲಕ್ಕೆ ಅವನ ಒಂದು ಜೋಡಿಯೇ ಗತಿ. ದೊಡ್ಡವರ ಭಾರಕ್ಕೆ ದಾರಿ ತಾನಾಗಿ ಅಗಲವಾಗುವುದು, ಸಣ್ಣವರ ಭಾರ ದಾರಿಬದಿಯಲ್ಲಿ ಕಾಯುವುದು, ಇದು ಇಂದಿನ ಹೊಸ ಮಾತೇನೂ ಅಲ್ಲ.

ರೈಲು ನಮ್ಮ ನಾಡಿಗೆ ಬಂದದ್ದು ಬರಗಾಲದ ಬೆನ್ನು ಹತ್ತಿ. ೧೮೭೬ರಿಂದ ೭೮ರ ವರೆಗಿನ ಭೀಕರ ಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನ್ನಿಸಿಕೊಳ್ಳುತ್ತಿದ್ದ ಈ ಸೀಮೆಯು ತತ್ತರಿಸಿಹೋಯಿತು. ಬೇರೆಡೆ ಧಾನ್ಯವಿದ್ದರೂ ಇಲ್ಲಿಗೆ ತರುವ ದಾರಿಯಿರಲಿಲ್ಲ. ದಾರಿಯಲ್ಲಿ ಎಳೆಯುವ ಎತ್ತುಗಳೇ ಮೇವು ನೀರಿಲ್ಲದೆ ಬಿದ್ದುಹೋಗುತ್ತಿದ್ದವು. ಹಸಿವೆಗೆ ಮಳೆಯ ಅಭಾವವು ಎಷ್ಟು ಕಾರಣವೋ ದಾರಿಯ ಅಭಾವವೂ ಅಷ್ಟೇ ಕಾರಣವೆಂಬುದು ಅಂದಿನ ಸರಕಾರಕ್ಕೂ ಮನವರಿಕೆಯಾಯಿತು. ೧೮೮೨ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ೧೮೮೪ರಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದು ಗದುಗಿನವರೆಗೆ ಮೀಟರ್‌ಗೇಜ್ ಹಳಿ ಹಾಕಿತು. ಮರುವರ್ಷವೇ ಜಿಲ್ಲೆಯ ಕಚೇರಿಗಳು ಕಲಾದಗಿಯನ್ನು ಬಿಟ್ಟು ವಿಜಾಪುರಕ್ಕೆ ಬಂದವು. ಪಾಳುಬಿದ್ದಿದ್ದ ನಗರಕ್ಕೆ ಮರುಜೀವ ಬಂದಿತು. ಕಲಾದಗಿಯು ಹಳ್ಳಿಯಾಗಿ ಉಳಿಯಿತು. ದಾರಿಯೊಂದು ಊರನ್ನು ಏಳಿಸುವುದೂ ಉಂಟು, ಇನ್ನೊಂದು ಊರನ್ನು ಮಲಗಿಸುವುದೂ ಉಂಟು ಎಂಬುದಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕೆ?

ಆದರೆ ಆ ರೈಲು ಹಳಿಯನ್ನು ಹಾಕಿದವರು ನೆಲದ ಏರಿಳಿತವನ್ನೂ ಖರ್ಚನ್ನೂ ನೋಡಿದರೇ ಹೊರತು ಪ್ರತಿಯೊಂದು ಊರಿನ ಬಾಗಿಲನ್ನು ನೋಡಲಿಲ್ಲ. ಅದರ ಗುರುತು ಇಂದಿಗೂ ನಿಲ್ದಾಣಗಳ ಹಲಗೆಯ ಮೇಲೆ ಉಳಿದಿದೆ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಗುಳೇದಗುಡ್ಡ ರೋಡ್! ರೈಲ್ವೆಯವರ ಭಾಷೆಯಲ್ಲಿ ಊರ ಹೆಸರಿನ ಮುಂದೆ 'ರೋಡ್' ಎಂದು ಬಂದರೆ, ‘ಇಲ್ಲಿ ಇಳಿಯಿರಿ, ಊರು ಇಲ್ಲಿಲ್ಲ, ಮುಂದೆ ರಸ್ತೆಯಿದೆ, ನಡೆಯಿರಿ’ ಎಂದು ಅರ್ಥ. ಇಂಡಿಗೆ ಹೋಗಬೇಕಾದವನು ಇಂಡಿ ರೋಡಿನಲ್ಲಿಳಿದು ಇನ್ನೊಂದು ವಾಹನಕ್ಕೆ ಕಾಯಬೇಕು. ಬಸವಣ್ಣನವರ ಜನ್ಮಸ್ಥಾನವನ್ನು ಕಾಣಬಂದ ಯಾತ್ರಿಕನು ಬಾಗೇವಾಡಿ ರೋಡಿನಲ್ಲಿಳಿದು ಬಾಗೇವಾಡಿ ಎಲ್ಲಿದೆಯೆಂದು ಕೇಳಬೇಕು. ಸಿಂದಗಿ, ಮುದ್ದೇಬಿಹಾಳಗಳ ಪಾಲಿಗೆ ಈ 'ರೋಡ್' ಕೂಡ ಇಲ್ಲ. ಆ ತಾಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವೇ ಇಲ್ಲ. ಈ ಹೆಸರು ಇಂದಿಗೂ ನಿಜವಾಗಿಯೇ ಉಳಿದಿರುವುದು ನಮ್ಮ ಯೋಜನೆಗಳ ಮೇಲೆ ಬರೆದ ಒಂದು ಚಿಕ್ಕ ಟೀಕೆಯಂತಿದೆ.

ಈ ಶತಮಾನದ ಮೊದಲ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿತು. ಅನಂತರ ಹೋಟಗಿಯಿಂದ ಕೂಡಗಿಯ ಮೇಲೆ ಗದುಗಿನವರೆಗಿನ ೨೮೪ ಕಿಲೋಮೀಟರುಗಳನ್ನು ಜೋಡಿ ಹಳಿ ಮಾಡುವ ಕೆಲಸ ಕೈಗೊಂಡರು. ವಿದ್ಯುತ್ ತಂತಿಯೂ ಬಂದಿತು. ಈ ಜೋಡಿ ಹಳಿಯ ಮೂಲ ಕಾರಣವನ್ನು ನಾವು ಮರೆಯಬಾರದು. ನಮ್ಮ ನೆರೆಯ ಕೂಡಗಿಯಲ್ಲಿ ೨೪೦೦ ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಕೇಂದ್ರವು ಸ್ಥಾಪನೆಯಾಯಿತು. ಅದಕ್ಕೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ರೈಲಿನಲ್ಲಿ ಬರಬೇಕು. ಆದುದರಿಂದ ಹೋಟಗಿಯಿಂದ ಕೂಡಗಿಯವರೆಗಿನ ಜೋಡಿ ಹಳಿಯ ಖರ್ಚನ್ನು ವಿದ್ಯುತ್ ನಿಗಮವೇ ವಹಿಸಿಕೊಂಡಿತು. ತಪ್ಪೇನೂ ಇಲ್ಲ, ವಿದ್ಯುತ್ತು ನಾಡಿಗೆ ಬೇಕು. ಆದರೆ ಬಹುಕಾಲದಿಂದ ಪ್ರಯಾಣಿಕರು ಬೇಡುತ್ತ ಬಂದ ಅನುಕೂಲವು ಪ್ರಯಾಣಿಕರ ಹೆಸರಿನಲ್ಲಿ ಬರಲಿಲ್ಲ, ಕಲ್ಲಿದ್ದಲಿನ ಹೆಸರಿನಲ್ಲಿ ಬಂದಿತು ಎಂಬುದನ್ನು ಗಮನಿಸಬೇಕು. ಕಲ್ಲಿದ್ದಲಿನ ರೈಲು ಗಣಿಯಿಂದ ಹೊರಟು ನೆಟ್ಟಗೆ ವಿದ್ಯುತ್ ಕೇಂದ್ರದ ಅಂಗಳಕ್ಕೇ ಬಂದು ನಿಲ್ಲುತ್ತದೆ. ಕಲ್ಲಿದ್ದಲಿಗೆ 'ರೋಡ್' ನಿಲ್ದಾಣವಿಲ್ಲ! ಮನುಷ್ಯನಿಗೆ ಮಾತ್ರ ಅದು ಇದೆ.

ಇನ್ನು ರಾಜಧಾನಿಯ ಪ್ರಯಾಣದ ಮಾತು. ವಿಜಯಪುರದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಐದುನೂರು ಕಿಲೋಮೀಟರುಗಳಿಗೆ ಸ್ವಲ್ಪ ಹೆಚ್ಚು. ರೈಲಿನಲ್ಲಿಯಾದರೆ ಗದಗ, ಹುಬ್ಬಳ್ಳಿಗಳ ಮೇಲೆ ಸುತ್ತಿ ಸುಮಾರು ಏಳುನೂರು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯುವ ದಾರಿ ಇದು. ಬಸವ ಎಕ್ಸ್‌ಪ್ರೆಸ್ಸಿನ ದಾರಿಯು ಇದಕ್ಕಿಂತ ವಿಚಿತ್ರ. ಮೈಸೂರಿನಿಂದ ಹೊರಟು ಬೆಂಗಳೂರನ್ನು ದಾಟಿ, ಆಂಧ್ರದ ಗುಂತಕಲ್ಲಿಗೆ ಹೋಗಿ, ರಾಯಚೂರು, ವಾಡಿ, ಕಲಬುರಗಿಗಳನ್ನು ಕಂಡು, ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಹೊರಳಿ, ವಿಜಯಪುರದ ಮೇಲೆ ಬಾಗಲಕೋಟೆಗೆ ಬರುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿದ ಮಹಾನುಭಾವನ ಹೆಸರು ಹೊತ್ತ ಬಂಡಿಯು ಬಾಗೇವಾಡಿಯ ಸೀಮೆಯನ್ನು ಮುಟ್ಟಲು ಎರಡು ಪರರಾಜ್ಯಗಳನ್ನು ಸುತ್ತಬೇಕಾಗಿದೆ. ಕಲಬುರಗಿ ರಾಯಚೂರುಗಳ ಜನರಿಗೆ ಅದರಿಂದ ಉಪಯೋಗವುಂಟು, ಅದು ಇರಲಿ. ಆದರೆ ಬೆಂಗಳೂರಿಗೆ ಹೋಗುವ ನಮ್ಮ ಕಡೆಯ ಜನರು ರೈಲನ್ನು ಬಿಟ್ಟು ರಾತ್ರಿಯ ಬಸ್ಸುಗಳಿಗೆ ದುಬಾರಿ ದುಡ್ಡು ಕೊಡುವುದು ಏಕೆಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ. ಮೇಲಾಗಿ ಹಬ್ಬ ಹುಣ್ಣಿಮೆಗಳು ಬಂದರೆ ಖಾಸಗಿ ಬಸ್ಸಿನ ದರವು ಹೊಳೆಯ ನೀರಿನಂತೆ ಏರುತ್ತದೆ. ದುಡಿಯಲು ಬೆಂಗಳೂರಿಗೆ ಹೋದ ಹುಡುಗನು ಊರ ಜಾತ್ರೆಗೆ ಬಂದು ಹೋಗುವುದಕ್ಕೆ ಹಲವು ದಿನಗಳ ಕೂಲಿಯನ್ನು ತೆರಬೇಕಾಗುತ್ತದೆ.

ಹೊಸ ಹಳಿಗಳ ಕಥೆಯೂ ಇಂಥದೇ. ಬಾಗಲಕೋಟೆ–ಕುಡಚಿ ಮಾರ್ಗದ ಕೆಲಸ ೨೦೧೦ರಲ್ಲಿ ಮೊದಲಾಯಿತು. ಅದು ಮುಗಿದರೆ ಈ ಭಾಗವು ಮೀರಜ, ಪುಣೆಗಳ ದಾರಿಗೆ ಸಮೀಪವಾಗುತ್ತದೆ. ಆದರೆ ೧೪೨ ಕಿಲೋಮೀಟರುಗಳಲ್ಲಿ ಮೊದಲ ಮೂವತ್ತರಷ್ಟು, ಖಜ್ಜಿಡೋಣಿಯವರೆಗೆ, ಆಗುವುದಕ್ಕೇ ವರ್ಷಗಳು ಹಿಡಿದವು. ಗದಗ–ವಾಡಿ ಮಾರ್ಗವು ೨೦೧೩–೧೪ರಲ್ಲಿ ಮಂಜೂರಾಯಿತು. ಕುಷ್ಟಗಿಯ ಜನರು ರೈಲಿನ ಮುಖ ಕಂಡದ್ದು ೨೦೨೫ರ ಮೇ ತಿಂಗಳಿನಲ್ಲಿ. ಒಂದು ಪೀಳಿಗೆಯ ಹುಡುಗರು ಶಾಲೆಗೆ ಸೇರಿ ಪದವಿ ಪಡೆದು ಹೊರಬೀಳುವಷ್ಟು ಕಾಲ ಒಂದು ಹಳಿಗೆ ಹಿಡಿಯುತ್ತದೆಯೆಂದರೆ, ಆ ಹುಡುಗರ ಓದಿಗೆ ಆ ಹಳಿಯಿಂದ ಆದ ಉಪಕಾರವೇನು?

ಇನ್ನು ರಸ್ತೆಯ ವಿಷಯ. ಇದರಲ್ಲಿ ನಮ್ಮ ಜಿಲ್ಲೆಯು ಭಾಗ್ಯಶಾಲಿಯೆಂದೇ ಹೇಳಬೇಕು. ಪಂಜಾಬದ ಸಂಗ್ರೂರಿನಿಂದ ನಮ್ಮ ಕಡಲತೀರದ ಅಂಕೋಲೆಯವರೆಗೆ ಹೋಗುವ ೫೨ನೆಯ ರಾಷ್ಟ್ರೀಯ ಹೆದ್ದಾರಿಯು ಸೊಲ್ಲಾಪುರದ ಮೇಲಿಂದ ವಿಜಯಪುರಕ್ಕೆ ಬಂದು, ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ೫೦ನೆಯ ಹೆದ್ದಾರಿಯು ಕಲಬುರಗಿಯ ಕಡೆಯಿಂದ ವಿಜಯಪುರಕ್ಕೆ ಬಂದು ಮನಗೂಳಿ, ಗೊಳಸಂಗಿ, ನಿಡಗುಂದಿಗಳ ಮಗ್ಗುಲಲ್ಲಿ ಹಾದು ಹುನಗುಂದ, ಹೊಸಪೇಟೆ, ಚಿತ್ರದುರ್ಗಗಳನ್ನು ಸೇರುತ್ತದೆ. ನಮ್ಮ ಹಿರಿಯರು ಇದನ್ನು ಹಳೆಯ ೧೩ನೆಯ ನಂಬರಿನಿಂದಲೇ, ಸೊಲ್ಲಾಪುರ–ಮಂಗಳೂರು ರಸ್ತೆಯೆಂದೇ ಬಲ್ಲರು. ಕಳೆದ ದಶಕದಲ್ಲಿ ಈ ರಸ್ತೆಯು ಚತುಷ್ಪಥವಾಯಿತು. ಹಗಲಿರುಳೆನ್ನದೆ ಲಾರಿಗಳು, ಬಸ್ಸುಗಳು, ಮೋಟಾರುಗಳು ಹರಿದಾಡುತ್ತವೆ. ಹೈದರಾಬಾದಿನ ಸಿಮೆಂಟು, ಗುಜರಾತಿನ ಬಟ್ಟೆ, ಕರಾವಳಿಯ ಮೀನು ಎಲ್ಲವೂ ನಮ್ಮ ಕಣ್ಣೆದುರಿಗೇ ಹಾದುಹೋಗಬಲ್ಲವು.

'ಹಾದುಹೋಗಬಲ್ಲವು' ಎಂಬ ಮಾತಿನಲ್ಲಿಯೇ ನಮ್ಮ ಅಳಲು ಅಡಗಿದೆ. ವೇಗದ ದಾರಿಯ ಧರ್ಮವೇ ನಿಲ್ಲದಿರುವುದು. ರಸ್ತೆಯು ಕಿರಿದಾಗಿದ್ದಾಗ ಬಸ್ಸು ಊರೊಳಗಿನ ಮರದ ನೆರಳಿನಲ್ಲಿ ನಿಲ್ಲುತ್ತಿತ್ತು. ಮುದುಕಿಯೊಬ್ಬಳು ಗಂಟು ಹಿಡಿದು ಓಡಿಬರುತ್ತಿದ್ದರೆ ಕಂಡಕ್ಟರನು, ‘ಲಗೂ ಬಾ ಅಮ್ಮಾ’ ಎಂದು ಕೂಗಿ ಕಾಯುತ್ತಿದ್ದನು. ರಸ್ತೆಯು ಅಗಲವಾದ ಮೇಲೆ 'ತಡೆರಹಿತ', 'ವೇಗದೂತ' ಎಂಬ ಹಲಗೆಯ ಬಸ್ಸುಗಳು ಹೆಚ್ಚಿದವು. ಅವು ಜಿಲ್ಲೆಯಿಂದ ಜಿಲ್ಲೆಗೆ ಓಡುವವೇ ಹೊರತು ಹಳ್ಳಿಯಿಂದ ಹಳ್ಳಿಗಲ್ಲ. ಹೆದ್ದಾರಿಯ ನಡುಗಟ್ಟೆಯಿಂದಾಗಿ ಆಚೆಯ ಹೊಲಕ್ಕೆ ಹೋಗುವ ರೈತನು ಎತ್ತಿನ ಬಂಡಿಯನ್ನು ದೂರದ ತಿರುವಿನವರೆಗೆ ಹೊಡೆದುಕೊಂಡು ಹೋಗಬೇಕು. ಇಲ್ಲವೆ ಜೀವವನ್ನು ಕೈಯಲ್ಲಿ ಹಿಡಿದು ರಸ್ತೆಯನ್ನು ಅಡ್ಡ ಹಾಯಬೇಕು. ಮಂಗಳೂರಿಗೆ ಹೋಗುವವನಿಗೆ ಗೊಳಸಂಗಿ ಹತ್ತಿರವಾಯಿತು. ಗೊಳಸಂಗಿಯವನಿಗೆ ಗೊಳಸಂಗಿಯ ಹೊಲವೇ ದೂರವಾಯಿತು!

ಈ ಸಂದರ್ಭದಲ್ಲಿ ಒಂದು ಒಳ್ಳೆಯ ಕೆಲಸವನ್ನು ಹೇಳದೆ ಹೋದರೆ ಅನ್ಯಾಯವಾದೀತು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪುಕ್ಕಟೆಯಾಗಿ ಪ್ರಯಾಣ ಮಾಡಬಹುದಾಗಿದೆ. ‘ಹುಡುಗಿಯ ಬಸ್ಸಿನ ಪಾಸಿಗೆ ದುಡ್ಡೆಲ್ಲಿ ತರೋದು?’ ಎಂದು ಕಾಲೇಜು ಬಿಡಿಸುತ್ತಿದ್ದ ತಂದೆಯ ಕೈಯಿಂದ ಆ ನೆವವೊಂದು ತಪ್ಪಿತು. ಆದರೆ ಟಿಕೀಟು ಪುಕ್ಕಟೆಯಾದರೆ ಸಾಲದು, ಬಸ್ಸು ಬರಬೇಕು; ಬಂದರೆ ಸಾಲದು, ನಿಲ್ಲಬೇಕು; ನಿಂತರೆ ಸಾಲದು, ಹತ್ತಲು ಸ್ಥಳವಿರಬೇಕು. ಹಳ್ಳಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯ ಓದಿನ ಅಳತೆಯನ್ನು ಅವಳ ಬುದ್ಧಿಶಕ್ತಿಯಿಂದ ಅಳೆಯುವಂತಿಲ್ಲ. ಸಂಜೆಯ ಕೊನೆಯ ಬಸ್ಸಿನ ವೇಳೆಯಿಂದ ಅಳೆಯಬೇಕಾಗಿದೆ. ಗ್ರಂಥಾಲಯದಲ್ಲಿ ಒಂದು ತಾಸು ಹೆಚ್ಚು ಕೂತರೆ ಬಸ್ಸು ಹೋಗುತ್ತದೆ. ಚರ್ಚಾಸ್ಪರ್ಧೆಗೆ ನಿಂತರೆ ಬಸ್ಸು ಹೋಗುತ್ತದೆ. ಬಸ್ಸು ಹೋದರೆ ಮನೆಯಲ್ಲಿ ಮಾತು ಬರುತ್ತದೆ; ಮಾತು ಎರಡು ಸಲ ಬಂದರೆ ಮೂರನೆಯ ಸಲ ಓದೇ ನಿಲ್ಲುತ್ತದೆ. ಜಿಲ್ಲೆಯಲ್ಲಿ ಎಷ್ಟೋ ಹುಡುಗಿಯರ ವಿದ್ಯಾಭ್ಯಾಸವು ಪರೀಕ್ಷೆಯಲ್ಲಿ ನಪಾಸಾಗಿ ನಿಂತದ್ದಲ್ಲ, ಬಸ್ ನಿಲ್ದಾಣದಲ್ಲಿ ನಿಂತದ್ದು.

ರೈತನ ಪಾಡೂ ಬೇರೆಯಲ್ಲ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ಹೆಮ್ಮೆಯ ವಿಷಯ. ವಿಜಯಪುರದ ದ್ರಾಕ್ಷಿಯು ಸವಿಯಲ್ಲಿ ಯಾರಿಗೂ ಕಡಿಮೆಯಲ್ಲ. ಆದರೆ ನಮ್ಮ ಬೆಳೆಗಾರರು ಒಣದ್ರಾಕ್ಷಿಯನ್ನು ಮಾರಲು ಸಾಂಗಲಿ, ತಾಸಗಾಂವಗಳಿಗೆ ಒಯ್ಯುತ್ತಾರೆ. ಬಾಗೇವಾಡಿ, ಕೊಲ್ಹಾರಗಳ ಉಳ್ಳಾಗಡ್ಡಿಯು ಸೊಲ್ಲಾಪುರಕ್ಕೋ ಬೆಂಗಳೂರಿಗೋ ಲಾರಿಯೇರಿ ಹೋಗುತ್ತದೆ. ಬೆಳೆ ನಮ್ಮದು, ಪೇಟೆ ಪರರದು, ಬಾಡಿಗೆ ಲಾರಿಯವನದು. ದರ ಬಿದ್ದ ದಿನ ಉಳ್ಳಾಗಡ್ಡಿ ಮಾರಿದ ದುಡ್ಡು ಲಾರಿಯ ಬಾಡಿಗೆಗೂ ಸಾಲದೆ ರೈತನು ಬರಿಗೈಯಲ್ಲಿ ಹಿಂದಿರುಗಿದ ಪ್ರಸಂಗಗಳನ್ನು ಹಳ್ಳಿಯವರೆಲ್ಲ ಬಲ್ಲರು. ನೆರೆಯ ಸೊಲ್ಲಾಪುರ ಜಿಲ್ಲೆಯ ಸಾಂಗೋಲೆಯಿಂದ ೨೦೨೦ರ ಡಿಸೆಂಬರ್ ೨೮ರಂದು ಬಂಗಾಲದ ಶಾಲಿಮಾರಕ್ಕೆ ನೂರನೆಯ ಕಿಸಾನ್ ರೈಲು ಹೊರಟಿತು. ಹಣ್ಣು ತರಕಾರಿಗಳು ರೈಲಿನಲ್ಲಿ ದೇಶದ ಇನ್ನೊಂದು ತುದಿಗೆ ಹೋಗಬಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. ಸಾಂಗೋಲೆಯ ದಾಳಿಂಬೆಗೆ ಸಾಧ್ಯವಾದದ್ದು ಇಂಡಿಯ ಲಿಂಬೆಗೆ ಅಸಾಧ್ಯವೇಕೆ? ಹಳಿ ಇಂಡಿ ತಾಲೂಕಿನಲ್ಲಿಯೇ ಹಾಯುತ್ತದೆ. ಬೇಕಾದುದು ಸರಕು ತುಂಬುವ ಒಂದು ಕಟ್ಟೆ, ಒಂದು ತಂಪು ಉಗ್ರಾಣ, ಹೊಲದಿಂದ ಅಲ್ಲಿಯವರೆಗೆ ಒಂದು ಒಳ್ಳೆಯ ರಸ್ತೆ.

ಇನ್ನುಳಿದದ್ದು ಆಕಾಶಮಾರ್ಗ. ವಿಜಯಪುರದ ಬಳಿ ಬುರಣಾಪುರ–ಮದಭಾವಿ ಸೀಮೆಯಲ್ಲಿ ೭೨೭ ಎಕರೆ ನೆಲದ ಮೇಲೆ ವಿಮಾನ ನಿಲ್ದಾಣ ಕಟ್ಟಲು ೨೦೨೧ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಎಟಿಆರ್-೭೨ರಂಥ ಚಿಕ್ಕ ವಿಮಾನಗಳಿಗೆಂದು ಎಣಿಸಿದ್ದರು; ಆಮೇಲೆ ಏರ್‌ಬಸ್ ಎ-೩೨೦ರಂಥ ದೊಡ್ಡ ವಿಮಾನಗಳೂ ಇಳಿಯುವಂತೆ ಓಡುದಾರಿಯನ್ನು ಹಿಗ್ಗಿಸಿದರು. ಅದರೊಡನೆ ಖರ್ಚೂ ಹಿಗ್ಗಿತು, ಕಾಲಾವಧಿಯೂ ಹಿಗ್ಗಿತು. ಪರಿಸರ ಅನುಮತಿಯ ತೊಡಕೂ ಎದುರಾಯಿತು. ಇತ್ತ ಕಲಬುರಗಿಯ ವಿಮಾನ ನಿಲ್ದಾಣವು ೨೦೧೯ರ ನವೆಂಬರಿನಲ್ಲಿ ತೆರೆಯಿತು. ಸೊಲ್ಲಾಪುರದಿಂದ ೨೦೨೫ರ ಜೂನ್ ತಿಂಗಳಲ್ಲಿ ಗೋವೆಗೆ ವಿಮಾನ ಹಾರಿತು.

ವಿಮಾನವು ಶ್ರೀಮಂತರ ಶೋಕಿ, ಬಡವರಿಗೇನು ಉಪಯೋಗ ಎಂದು ಹೇಳಿ ಮುಗಿಸುವವರ ಪಕ್ಷಕ್ಕೆ ನಾನು ಸೇರಿದವನಲ್ಲ. ಗೋಲಗುಂಬಜ್, ಇಬ್ರಾಹಿಂ ರೋಜಾಗಳನ್ನು ನೋಡಲು ದೂರದ ದೇಶಗಳಿಂದ ಬರುವವರಿಗೆ ಅದು ಬೇಕು. ಉದ್ಯಮ ಹೂಡುವವನು ಮೊದಲು ಕೇಳುವುದೇ ‘ವಿಮಾನ ಇಳಿಯುತ್ತದೆಯೇ?’ ಎಂದು. ಕೈಮೀರುತ್ತಿರುವ ರೋಗಿಯನ್ನು ಬೇಗನೆ ದೊಡ್ಡ ಆಸ್ಪತ್ರೆಗೆ ಸಾಗಿಸಲೂ ಅದು ಉಪಯೋಗಕ್ಕೆ ಬಂದೀತು. ವಿಮಾನ ನಿಲ್ದಾಣ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಿಲ್ದಾಣ ಕಟ್ಟಿದ ಮಾತ್ರಕ್ಕೆ ಸಂಪರ್ಕವಾಯಿತೆಂದು ಭಾವಿಸುವುದು ಭ್ರಮೆ. ಬೀದರದ ಉದಾಹರಣೆಯನ್ನು ನೋಡಿರಿ. ಅಲ್ಲಿ ೨೦೨೦ರಲ್ಲಿ ವಿಮಾನ ಹಾರಾಟ ಆರಂಭವಾಯಿತು. ೨೦೨೩ರ ಕೊನೆಯಲ್ಲಿ ನಿಂತುಹೋಯಿತು. ೨೦೨೫ರ ಏಪ್ರಿಲಿನಲ್ಲಿ ಪುನಃ ಆರಂಭವಾಯಿತು. ನಡುವಣ ಒಂದೂಕಾಲು ವರ್ಷ ಕಟ್ಟಡವಿತ್ತು, ಓಡುದಾರಿಯಿತ್ತು, ವಿಮಾನವಿರಲಿಲ್ಲ. ಸರಕಾರವು ಉಡಾನ್ ಯೋಜನೆಯ ಮೂಲಕ ಕೆಲವು ಕಾಲ ಸಹಾಯಧನ ಕೊಟ್ಟು ಚಿಕ್ಕ ಊರುಗಳಿಗೆ ವಿಮಾನ ಬರುವಂತೆ ಮಾಡುತ್ತದೆ. ಆ ಅವಧಿ ಮುಗಿದ ಮೇಲೆ ಆಸನಗಳು ತುಂಬಿದರೆ ವಿಮಾನ ಉಳಿಯುತ್ತದೆ, ತುಂಬದಿದ್ದರೆ ಹಾರಿಹೋಗುತ್ತದೆ. ಆಸನ ತುಂಬಬೇಕಾದರೆ ವಿಜಯಪುರ ನಗರವೊಂದೇ ಸಾಲದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಬಾಗಲಕೋಟೆಗಳಿಂದಲೂ ಜನ ಬರಬೇಕು. ಅವರು ಬರಬೇಕಾದರೆ ನೆಲದ ಮೇಲಿನ ದಾರಿ ನೆಟ್ಟಗಿರಬೇಕು. ಹೀಗೆ ಆಕಾಶದ ದಾರಿಯೂ ಕೊನೆಗೆ ಹಳ್ಳಿಯ ಬಸ್ಸಿನ ಮೇಲೆಯೇ ನಿಂತಿದೆ.

‘ಪ್ರತಿ ಹಳ್ಳಿಗೂ ಬಸ್ಸು ಬಿಟ್ಟರೆ ಸಾರಿಗೆ ಸಂಸ್ಥೆಯು ದಿವಾಳಿಯಾಗದೇ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ನಷ್ಟದ ಲೆಕ್ಕ ಯಾರೂ ತಪ್ಪಿಸಲಾರರು. ಆದರೆ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕು. ನಾಲ್ಕು ಪಥದ ರಸ್ತೆಗೆ, ಓಡುದಾರಿಗೆ ನೂರಾರು ಕೋಟಿ ಹಾಕುವಾಗ ಅದನ್ನು 'ಅಭಿವೃದ್ಧಿ' ಎನ್ನುತ್ತೇವೆ; ಸಂಜೆ ಒಂದು ಬಸ್ಸು ಹೆಚ್ಚಿಸಿರೆಂದರೆ ಅದನ್ನು 'ನಷ್ಟ' ಎನ್ನುತ್ತೇವೆ. ಓದು ನಿಂತ ಹುಡುಗಿಯ ನಷ್ಟವನ್ನು, ಆಸ್ಪತ್ರೆಗೆ ತಡವಾಗಿ ಮುಟ್ಟಿದ ಬಾಣಂತಿಯ ನಷ್ಟವನ್ನು, ದಾರಿಯಲ್ಲಿ ಕೊಳೆತ ಲಿಂಬೆಯ ನಷ್ಟವನ್ನು ಯಾವ ಪುಸ್ತಕದಲ್ಲಿ ಬರೆಯುತ್ತೇವೆ? ಅವು ಯಾವ ಇಲಾಖೆಯ ಲೆಕ್ಕದಲ್ಲಿಯೂ ಇಲ್ಲ. ಆದುದರಿಂದ ಅವು ಆಗಿಯೇ ಇಲ್ಲವೆಂದು ನಾವು ತಿಳಿಯುತ್ತೇವೆ.

ಇನ್ನೊಂದು ತೊಡಕು ಆಡಳಿತದ್ದು. ನಮ್ಮ ಜಿಲ್ಲೆಯು ಕಂದಾಯದ ವಿಷಯದಲ್ಲಿ ಬೆಳಗಾವಿ ವಿಭಾಗಕ್ಕೆ ಸೇರಿದೆ. ಬಸ್ಸುಗಳ ವಿಷಯದಲ್ಲಿ ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಸೇರಿದೆ. ರೈಲಿನ ವಿಷಯದಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿದೆ. ಹೋಟಗಿಯನ್ನು ಮುಟ್ಟಿದೊಡನೆ ಅದು ಮಧ್ಯ ರೈಲ್ವೆಯ ಸೀಮೆ. ಹೆದ್ದಾರಿಯು ಕೇಂದ್ರದ ಪ್ರಾಧಿಕಾರದ್ದು. ಹೀಗೆ ನಾಲ್ಕು ದಿಕ್ಕಿಗೆ ನಾಲ್ಕು ಯಜಮಾನರಾದರೆ ರೈಲಿನ ವೇಳೆಯು ಬಸ್ಸಿಗೆ ತಿಳಿಯುವುದೆಂತು? ರೈಲು ಬಾಗೇವಾಡಿ ರೋಡಿಗೆ ಬರುವುದಕ್ಕೂ ಅಲ್ಲಿಂದ ಬಸ್ಸು ಹೊರಡುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಅದು ಯಾರ ತಪ್ಪೆಂದು ಹೇಳಬೇಕು? ಯಾರ ತಪ್ಪೂ ಅಲ್ಲ. ಯಾರ ಕೆಲಸವೂ ಅಲ್ಲವಾದ್ದರಿಂದ.

ಹಾಗಾದರೆ ಆಗಬೇಕಾದುದೇನು? ಬರಿದೆ ದೂರುವುದರಿಂದ ಪ್ರಯೋಜನವಿಲ್ಲ. ನನಗೆ ತೋಚಿದ ಕೆಲವು ಸಲಹೆಗಳನ್ನು ಇಲ್ಲಿ ಬರೆಯುತ್ತೇನೆ. ಇವುಗಳಲ್ಲಿ ಒಂದಕ್ಕೂ ಹೊಸ ಅಡಿಗಲ್ಲು ಬೇಕಾಗಿಲ್ಲ, ಒಂದಕ್ಕೂ ಪೀಳಿಗೆಯೊಂದು ಕಾಯಬೇಕಾಗಿಲ್ಲ.

ಮೊದಲನೆಯದಾಗಿ, 'ರೋಡ್' ಎಂಬ ಹೆಸರಿನ ನಿಲ್ದಾಣಗಳಲ್ಲಿ ಮುಖ್ಯ ರೈಲುಗಳು ಬಂದು ಹೋಗುವ ವೇಳೆಗೆ ಸರಿಯಾಗಿ ಊರಿನ ಬಸ್ಸೊಂದು ಕಾದಿರಬೇಕು. ರೈಲು ತಡವಾದರೆ ಬಸ್ಸೂ ಕಾಯಬೇಕು. ರೈಲು ಮತ್ತು ಬಸ್ಸುಗಳ ವೇಳಾಪಟ್ಟಿಯನ್ನು ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಇದಕ್ಕೆ ಬೇಕಾದುದು ಎರಡು ಕಚೇರಿಗಳ ಅಧಿಕಾರಿಗಳು ಒಂದು ಮೇಜಿನ ಸುತ್ತ ಒಂದು ದಿನ ಕೂಡುವುದು ಅಷ್ಟೆ.

ಎರಡನೆಯದಾಗಿ, ಹೆದ್ದಾರಿಯ ಮೇಲಿನ ದೊಡ್ಡ ಹಳ್ಳಿಗಳಲ್ಲಿ ಬೆಳಿಗ್ಗೆ ಕಾಲೇಜಿಗೆ ಹೋಗುವ ಹೊತ್ತಿಗೆ ಮತ್ತು ಸಂಜೆ ತಿರುಗಿ ಬರುವ ಹೊತ್ತಿಗೆ ಎಲ್ಲ ಸರಕಾರಿ ಬಸ್ಸುಗಳೂ ನಿಲ್ಲಬೇಕು. ದೂರದ ಪ್ರಯಾಣಿಕನಿಗೆ ಅದರಿಂದ ಕೆಲವೇ ನಿಮಿಷ ತಡವಾದೀತು. ಹಳ್ಳಿಯ ವಿದ್ಯಾರ್ಥಿಗೆ ಒಂದು ವರ್ಷ ಉಳಿದೀತು. ಸಂಜೆಯ ಕೊನೆಯ ಬಸ್ಸು ಗ್ರಂಥಾಲಯ ಮುಚ್ಚಿದ ಮೇಲೆ ಹೊರಡಬೇಕೇ ಹೊರತು ಮೊದಲಲ್ಲ.

ಮೂರನೆಯದಾಗಿ, ಬೆಂಗಳೂರಿಗೆ ರಾತ್ರಿ ಹೊರಟು ಬೆಳಗಾಗುವುದರೊಳಗೆ ಮುಟ್ಟುವಂಥ ಒಂದು ವೇಗದ ರೈಲು ಬೇಕು. ಜೋಡಿ ಹಳಿಯೂ ವಿದ್ಯುತ್ ತಂತಿಯೂ ಬಂದ ಮೇಲೆ ಹಳೆಯ ವೇಳೆಗೇ ಅಂಟಿಕೊಂಡಿರುವುದು ಸರಿಯಲ್ಲ. ಕಲ್ಲಿದ್ದಲಿಗೆ ದಾರಿ ಸುಗಮವಾದಂತೆ ಜನರಿಗೂ ಆಗಲಿ.

ನಾಲ್ಕನೆಯದಾಗಿ, ಇಂಡಿ ರೋಡಿನಲ್ಲಿಯೂ ಬಾಗೇವಾಡಿ ರೋಡಿನಲ್ಲಿಯೂ ಲಿಂಬೆ, ಉಳ್ಳಾಗಡ್ಡಿ, ದ್ರಾಕ್ಷಿಗಳನ್ನು ತುಂಬುವ ಸೌಕರ್ಯ ಮಾಡಬೇಕು. ರೈತರ ಸಹಕಾರ ಸಂಘಗಳು ಇದಕ್ಕೆ ಮುಂದೆ ಬರಬೇಕು. ಒಬ್ಬ ರೈತನ ಹತ್ತು ಚೀಲಕ್ಕೆ ರೈಲ್ವೆಯು ಡಬ್ಬಿ ಕೊಡಲಾರದು. ನೂರು ರೈತರು ಕೂಡಿದರೆ ಕೊಡಲೇಬೇಕಾದೀತು.

ಐದನೆಯದಾಗಿ, ವಿಮಾನ ನಿಲ್ದಾಣಕ್ಕೆ ತಾಲೂಕು ಕೇಂದ್ರಗಳಿಂದ ಬಸ್ಸು ಓಡಿಸುವ ಯೋಜನೆಯನ್ನು ಮೊದಲೇ ಸಿದ್ಧಪಡಿಸಿ ಇಟ್ಟಿರಬೇಕು. ಮನೆ ಕಟ್ಟಿದ ಮೇಲೆ ಬಾಗಿಲು ಎಲ್ಲಿಡಬೇಕೆಂದು ಯೋಚಿಸುವವನನ್ನು ಯಾರೂ ಜಾಣನೆನ್ನುವುದಿಲ್ಲ.

ನಮ್ಮ ಸೀಮೆಯು ನಾಡಿನ ಹಿತಕ್ಕಾಗಿ ಬಹಳ ಕೊಟ್ಟಿದೆ. ೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಆಣೆಕಟ್ಟ್ಟಿಗಾಗಿ ಹಳ್ಳಿಗೆ ಹಳ್ಳಿಯೇ ಮುಳುಗಿದವು. ಜನರು ಹೊಲ, ಮನೆ, ಗುಡಿ, ಸಮಾಧಿಗಳನ್ನು ಕೃಷ್ಣೆಗೆ ಒಪ್ಪಿಸಿ ಮೇಲೆ ಬಂದರು. ವಿದ್ಯುತ್ ಕೇಂದ್ರಕ್ಕಾಗಿ ನೆಲ ಕೊಟ್ಟರು, ಹೆದ್ದಾರಿಗಾಗಿ ನೆಲ ಕೊಟ್ಟರು, ಜೋಡಿ ಹಳಿಗಾಗಿ ನೆಲ ಕೊಟ್ಟರು. ಅಂಥ ಜನರು ತಿರುಗಿ ಕೇಳುತ್ತಿರುವುದು ಬಹಳ ದೊಡ್ಡದಲ್ಲ: ತಮ್ಮ ನೆಲದ ಮೇಲೆ ಓಡುವ ಬಂಡಿಯು ತಮ್ಮೂರಲ್ಲಿ ಒಂದು ಗಳಿಗೆ ನಿಲ್ಲಲಿ ಎಂಬುದು.

ಕೊನೆಯದಾಗಿ ನನ್ನ ಸಹಪಾಠಿಗಳಿಗೆ ಒಂದು ಮಾತು. ಸರಕಾರಕ್ಕೆ ಮನವಿ ಕೊಡುವುದು, ಘೋಷಣೆ ಕೂಗುವುದು ನಮಗೆ ಗೊತ್ತು. ಆದರೆ ಅಂಕಿಸಂಖ್ಯೆಗಳಿಲ್ಲದ ಮನವಿಯು ಗಾಳಿಗೆ ತೂರಿದ ಹೊಟ್ಟಿನಂತೆ. ಆದುದರಿಂದ ಬರುವ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಂದು ಚಿಕ್ಕ ಕೆಲಸ ಮಾಡೋಣ. ಪ್ರತಿಯೊಂದು ಊರಿನಿಂದ ಬರುವವರಲ್ಲಿ ಒಬ್ಬರು ಒಂದು ವಹಿ ಇಟ್ಟುಕೊಳ್ಳಲಿ. ಬಸ್ಸು ಬರಬೇಕಾದ ವೇಳೆ ಯಾವುದು, ಬಂದ ವೇಳೆ ಯಾವುದು, ನಿಂತಿತೋ ಇಲ್ಲವೋ, ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು ಎಂಬುದನ್ನು ಮೂರು ತಿಂಗಳು ತಪ್ಪದೆ ಬರೆಯಲಿ. ಆ ವಹಿಗಳನ್ನೆಲ್ಲ ಕೂಡಿಸಿ ಬಸ್ ಘಟಕದ ವ್ಯವಸ್ಥಾಪಕರ ಮೇಜಿನ ಮೇಲೆ ಇಡೋಣ. ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳಿಸೋಣ. ಹಳಿ ಹಾಕುವುದು, ವಿಮಾನ ಹಾರಿಸುವುದು ನಮ್ಮ ಕೈಯಲ್ಲಿಲ್ಲ. ಲೆಕ್ಕ ಬರೆಯುವುದು ನಮ್ಮ ಕೈಯಲ್ಲಿದೆ. ಅರ್ಥಶಾಸ್ತ್ರವನ್ನು ಓದುವವರು ನಾವು. ಈ ಒಂದು ಲೆಕ್ಕವನ್ನಾದರೂ ನಮ್ಮ ಊರಿಗಾಗಿ ಮಾಡಬೇಡವೇ?